ಕೆಲಸ ಹೋಯ್ತು, ಇಎಸ್‌ಐ ಕ್ಲೇಮ್ ವಾಪಸ್ ಬಂತು. ಯಾರಾದ್ರೂ ದಾರಿ ಹೇಳಿ

ಖಾಲಿ_ಟಿಫಿನ್‌ಬಾಕ್ಸ್ · ಸೋಮವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಒಂದು ಕಾರ್ಖಾನೆಯ ಪ್ಯಾಕಿಂಗ್ ಸೆಕ್ಷನ್‌ನಲ್ಲಿ 4 ವರ್ಷ ಚೆಕಿಂಗ್ ಕೆಲಸ ಮಾಡಿದ್ದೆ. ಸುಮಾರು 40 ದಿನದ ಹಿಂದೆ ನಮ್ಮ ಸೆಕ್ಷನ್ನೇ ಮುಚ್ಚಿದರು. ಒಂದೇ ದಿನ 14 ಜನ ಮನೆಗೆ. ಕೊನೇ ದಿನ ಒಬ್ಬೊಬ್ಬರನ್ನೇ ಒಳಗೆ ಕರೆದು ಟೈಪ್ ಮಾಡಿಟ್ಟ ಹಾಳೆ ಮುಂದಿಟ್ಟರು. "ಸೈನ್ ಹಾಕಿ, ಸೆಟಲ್‌ಮೆಂಟ್ ಬೇಗ ಆಗುತ್ತೆ" ಅಂದರು. ಎಲ್ಲರೂ ಹಾಕಿದರು, ನಾನೂ ಹಾಕಿದೆ. "ವೈಯಕ್ತಿಕ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ" ಎಂದು ಅದರಲ್ಲಿ ಬರೆದಿತ್ತು ಅನ್ನೋದು ಮನೆಗೆ ಬಂದು ಫೋಟೋ ನೋಡಿದಾಗ ಗೊತ್ತಾಯಿತು.

ಕೆಲಸ ಹೋದವರಿಗೆ ಇಎಸ್‌ಐನಲ್ಲಿ (ನೌಕರರ ರಾಜ್ಯ ವಿಮೆ) ಅಟಲ್ ಯೋಜನೆ ಅಂತ ಇದೆ, ಮೂರು ತಿಂಗಳು ಅರ್ಧ ಸಂಬಳ ಸಿಗುತ್ತೆ ಎಂದು ಜೊತೆಯವಳು ಹೇಳಿದಳು. 30 ದಿನ ಆದಮೇಲೆ ಆನ್‌ಲೈನ್ ಹಾಕಿದೆ. ರಿಜೆಕ್ಟ್ ಆಗಿದೆ. ಬ್ರಾಂಚ್ ಆಫೀಸಿನಲ್ಲಿ ವಿಚಾರಿಸಿದರೆ "ನೀವೇ ಬಿಟ್ಟು ಹೋಗಿದ್ದೀರಿ ಎಂದು ಕಂಪನಿ ಹಾಕಿದೆ, ನಾವೇನು ಮಾಡೋಕಾಗುತ್ತೆ" ಎಂದರು. ಪಿಎಫ್ ಬೇರೆ ಹಾಗೇ ನಿಂತಿದೆ. ಎಲ್ಲಿಂದ ಶುರು ಮಾಡಲಿ?

ಬೇಸತ್ತವ · ಸೋಮವಾರ

ಅಕ್ಕ, ಬಿಟ್ಟುಬಿಡಿ. ಓಡಾಡೋ ಬಸ್ ಚಾರ್ಜೇ ಜಾಸ್ತಿ ಆಗುತ್ತೆ.

ಮೂರನೇ_ಶಿಫ್ಟ್ · ಸೋಮವಾರ

ಬೇಸತ್ತವ ಅವರೇ, ಎಲ್ಲರಿಗೂ ನಿಮ್ಮ ಅನುಭವವೇ ಆಗಬೇಕು ಅಂತಿಲ್ಲ. 2020ರಲ್ಲಿ ನಾನು ಇದೇ ಯೋಜನೆಯಲ್ಲಿ ದುಡ್ಡು ತಗೊಂಡಿದ್ದೇನೆ. ಹೆಸರು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರ ಜುಲೈ 1ರಿಂದ ಶುರುವಾಯಿತು. ಮೊದಲು ದಿನದ ಸರಾಸರಿ ಗಳಿಕೆಯ 25% ಮಾತ್ರ ಕೊಡುತ್ತಿದ್ದರು, ಅದಕ್ಕೂ 90 ದಿನ ಕಾಯಬೇಕಿತ್ತು. ಕೋವಿಡ್ ಟೈಮಲ್ಲಿ 50% ಮಾಡಿದರು, ಕಾಯುವುದನ್ನು 30 ದಿನಕ್ಕೆ ಇಳಿಸಿದರು. ಕಂಪನಿ ಮೂಲಕವೇ ಅರ್ಜಿ ಹೋಗಬೇಕು ಅನ್ನೋದನ್ನೂ ತೆಗೆದರು. ನನಗೆ ಅದರಿಂದಲೇ ಆಗಿದ್ದು, ಇಲ್ಲಾಂದ್ರೆ ನಮ್ಮ ಓನರ್ ಸೈನ್ ಮಾಡೋ ಮನುಷ್ಯನೇ ಅಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಜೀವನದಲ್ಲಿ ಒಂದೇ ಸಲ, ಒಟ್ಟು 90 ದಿನಕ್ಕೆ. ಯೋಜನೆಗೆ ಒಂದು ಅವಧಿ ಇರುತ್ತದೆ, ಮುಗಿದಾಗ ಮತ್ತೆ ವಿಸ್ತರಣೆ ಮಾಡುತ್ತಾ ಬಂದಿದ್ದಾರೆ. ಹಾಗಾಗಿ ಅರ್ಜಿ ಹಾಕುವ ದಿನ ಜಾರಿಯಲ್ಲಿದೆಯಾ ಎಂದು ಬ್ರಾಂಚ್‌ನಲ್ಲಿ ಕೇಳಿಕೊಂಡೇ ಹಾಕಿ.

ಹಳೇ_ಎಚ್‌ಆರ್ · ಸೋಮವಾರ ರಾತ್ರಿ

ನಾನು 11 ವರ್ಷ ಟೇಬಲ್‌ನ ಆ ಕಡೆ ಕೂತಿದ್ದವನು. ತಿಂಗಳು ತಿಂಗಳು ಇಎಸ್‌ಐ, ಪಿಎಫ್ ಕಟ್ಟುವ ಕೆಲಸ. ನಿಮ್ಮ ಕ್ಲೇಮ್ ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡದೆಯೇ ಹೇಳಬಲ್ಲೆ.

ಪ್ರತಿ ತಿಂಗಳು ಕಂಪನಿಯವರು ಇಎಸ್‌ಐ ಪೋರ್ಟಲ್‌ಗೆ ಒಂದು ಎಕ್ಸೆಲ್ ಶೀಟ್ ಹಾಕುತ್ತಾರೆ. ಐಪಿ ನಂಬರ್ (ಇಎಸ್‌ಐ ವಿಮಾದಾರರ ನಂಬರ್), ಹೆಸರು, ಎಷ್ಟು ದಿನ ಕೆಲಸ, ಎಷ್ಟು ಸಂಬಳ. ಯಾರದಾದರೂ ದಿನ ಸೊನ್ನೆ ಇದ್ದರೆ ಪಕ್ಕದ ಕಾಲಂನಲ್ಲಿ ಒಂದು ರೀಸನ್ ಕೋಡ್ ಹಾಕಬೇಕು. 1 ಅಂದರೆ ರಜೆ. 2 ಅಂದರೆ ಲೆಫ್ಟ್ ಸರ್ವಿಸ್, ಕೆಲಸ ಬಿಟ್ಟರು ಎಂದು. 10 ಅಂದರೆ ರಿಟ್ರೆಂಚ್‌ಮೆಂಟ್, ಕಂಪನಿಯೇ ಕೆಲಸ ಕಡಿತ ಮಾಡಿ ತೆಗೆದದ್ದು. ಕೆಲಸ ಬಿಟ್ಟವರಿಗೆ, ತೆಗೆದವರಿಗೆ, ಓಡಿಹೋದವರಿಗೆ, ಎಲ್ಲರಿಗೂ ಕೈ ತಾನಾಗಿ 2 ಒತ್ತುತ್ತದೆ. ನಾನೂ ಒತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆ 2 ಎಂಬ ಅಂಕಿಯಿಂದ ಆಚೆ ಒಬ್ಬರ ಮನೆಯಲ್ಲಿ ಏನಾಗುತ್ತೆ ಅನ್ನೋದು ಆಗ ತಲೆಗೇ ಬಂದಿರಲಿಲ್ಲ.

ಈ ಯೋಜನೆ ಯಾರಿಗೆ ಇಲ್ಲ ಎಂದರೆ, ದುರ್ನಡತೆಗೆ ಶಿಕ್ಷೆಯಾಗಿ ತೆಗೆದುಹಾಕಲ್ಪಟ್ಟವರಿಗೆ, ವಯಸ್ಸಾಗಿ ನಿವೃತ್ತರಾದವರಿಗೆ, ತಾವಾಗಿ ಬಿಟ್ಟವರಿಗೆ. ನಿಮ್ಮ ರೆಕಾರ್ಡ್ ಪ್ರಕಾರ ನೀವು ಮೂರನೇ ಗುಂಪು. ಆಫೀಸಿನವರ ಮುಂದೆ ಇರೋದು ಆ ರೆಕಾರ್ಡ್ ಮಾತ್ರ. ಅವರ ಮೇಲೆ ರೇಗಿ ಪ್ರಯೋಜನ ಇಲ್ಲ. ರೆಕಾರ್ಡ್ ತಪ್ಪು ಎಂದು ಕಾಗದದಲ್ಲಿ ತೋರಿಸಬೇಕು.

ಈಗ ನಾನು ಕೇಳುವುದಕ್ಕೆ ಉತ್ತರ ಕೊಡಿ. ಸೆಕ್ಷನ್ ಮುಚ್ಚುತ್ತೇವೆ ಎಂದು ಎಲ್ಲಾದರೂ ಬರವಣಿಗೆಯಲ್ಲಿ ಬಂದಿತ್ತಾ? ನೋಟಿಸ್ ಬೋರ್ಡ್, ಮೇಲ್, ವಾಟ್ಸಾಪ್, ಏನಾದರೂ? ನೋಟಿಸ್ ಪೇ, ಅಂದರೆ ಮೊದಲೇ ತಿಳಿಸದೆ ತೆಗೆದಿದ್ದಕ್ಕೆ ಕೊಡುವ ಸಂಬಳ, ಕೊಟ್ಟರಾ? ಉಳಿದ 13 ಜನದ ಜೊತೆ ಮಾತುಕತೆ ಇದೆಯಾ?

ಖಾಲಿ_ಟಿಫಿನ್‌ಬಾಕ್ಸ್ · ಮಂಗಳವಾರ

ಸರ್, ಸೂಪರ್‌ವೈಸರ್ ನಮ್ಮ ಗ್ರೂಪಿಗೆ ಹಾಕಿದ್ದ ಮೆಸೇಜ್ ಇದೆ. "ಮುಂದಿನ ತಿಂಗಳಿಂದ ಪ್ಯಾಕಿಂಗ್ ಸೆಕ್ಷನ್ ಇರಲ್ಲ, ಎಲ್ಲರೂ ಬಂದು ಲೆಟರ್ ಕೊಟ್ಟು ಹೋಗಿ" ಎಂದು. ನಮ್ಮಲ್ಲೊಬ್ಬಳು ಅದಕ್ಕೆ ಅಳುವ ಮುಖ ಹಾಕಿದ್ದಳು, ಅವರು ಅದಕ್ಕೆ ಕೈ ಮುಗಿಯೋ ಚಿಹ್ನೆ ಹಾಕಿದ್ದರು. ಅದೂ ಇದೆ. ನೋಟಿಸ್ ಪೇ ಅಂತ ಏನೂ ಕೊಡಲಿಲ್ಲ. 13 ಜನದಲ್ಲಿ 9 ಜನ ಸಂಪರ್ಕದಲ್ಲಿದ್ದಾರೆ.

ಹಳೇ_ಎಚ್‌ಆರ್ · ಮಂಗಳವಾರ

ಆ ಮೆಸೇಜ್ ಡಿಲೀಟ್ ಮಾಡಬೇಡಿ, ಗ್ರೂಪ್‌ನಿಂದ ಹೊರಗೂ ಬರಬೇಡಿ. ತಾರೀಖು, ಅವರ ನಂಬರ್ ಎರಡೂ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿ. ಇಬ್ಬರು ಮೂವರ ಫೋನಿಂದ ತೆಗೆದರೆ ಇನ್ನೂ ಒಳ್ಳೆಯದು.

ಆಮೇಲೆ ಎರಡು ಕಾಗದ. ಒಂದು ಕಂಪನಿಗೆ, ಸ್ಪೀಡ್ ಪೋಸ್ಟ್‌ನಲ್ಲಿ, ರಿಜಿಸ್ಟ್ರೇಷನ್ ಸೇರಿಸಿ, ತಲುಪಿದ್ದಕ್ಕೆ ಪುರಾವೆ ಸಮೇತ. ಅದರಲ್ಲಿ ಬೈಗುಳ ಬೇಡ, ಕಥೆ ಬೇಡ. "ಇಂಥ ತಾರೀಖು ಸೆಕ್ಷನ್ ಮುಚ್ಚಿದ್ದರಿಂದ ನನ್ನ ಕೆಲಸ ಹೋಯಿತು. ಇಎಸ್‌ಐ ದಾಖಲೆಯಲ್ಲಿ ಕಾರಣ ತಪ್ಪಾಗಿದೆ. ಸರಿಪಡಿಸಿ, ಸೆಕ್ಷನ್ ಮುಚ್ಚಿದ ಬಗ್ಗೆ ಪತ್ರ ಕೊಡಿ." ಅಷ್ಟೇ. ಕೆಳಗೆ "ಪ್ರತಿ: ಕಾರ್ಮಿಕ ಅಧಿಕಾರಿಗಳು" ಎಂದು ಹಾಕಿ, ನಿಜವಾಗಲೂ ಅಲ್ಲಿಗೂ ಒಂದು ಕಳಿಸಿ. ಆ ಒಂದು ಸಾಲು ನೋಡಿದರೆ ಎಚ್‌ಆರ್ ಮೇಜಿನ ಮೇಲೆ ಕಾಗದ ಕೆಳಗಿನ ಟ್ರೇಯಿಂದ ಮೇಲಿನ ಟ್ರೇಗೆ ಬರುತ್ತದೆ. ಅನುಭವದ ಮಾತು.

ಎರಡನೇದು ಇಎಸ್‌ಐ ಬ್ರಾಂಚ್ ಮ್ಯಾನೇಜರ್‌ಗೆ. ಮೆಸೇಜ್ ಪ್ರಿಂಟ್ ಲಗತ್ತಿಸಿ. ಮುಖ್ಯವಾಗಿ ಇದನ್ನು ಬರೆಯಿರಿ: "ಇದೇ ಎಂಪ್ಲಾಯರ್ ಕೋಡ್‌ನಲ್ಲಿ ಇದೇ ತಾರೀಖು 14 ಜನ ಕೆಲಸ ಬಿಟ್ಟಿರುವಂತೆ ತೋರಿಸಿದ್ದಾರೆ, ದಯವಿಟ್ಟು ಪರಿಶೀಲಿಸಿ." ಅವರ ಕಂಪ್ಯೂಟರ್‌ನಲ್ಲೇ ಅದು ಕಾಣುತ್ತದೆ. 14 ಜನಕ್ಕೆ ಒಂದೇ ದಿನ ವೈಯಕ್ತಿಕ ಕಾರಣ ಬರುತ್ತಾ? ನಕಲಿನ ಮೇಲೆ ಸೀಲ್ ಹಾಕಿಸಿಕೊಂಡೇ ಬನ್ನಿ. ಸೀಲ್ ಇಲ್ಲದ ಅರ್ಜಿ ಕೊಟ್ಟೂ ಕೊಡದ ಹಾಗೆ.

ಆಗೇ ಆಗುತ್ತೆ ಎಂದು ನಾನು ಹೇಳಲ್ಲ. ಸೈನ್ ನಿಮ್ಮದೇ ಇದೆ. ಆದರೆ ಇಷ್ಟು ಮಾಡದೆ ಬಿಡಬೇಡಿ.

ಕಾಗದ_ಪತ್ರ · ಮಂಗಳವಾರ

ಹಳೇ ಎಚ್‌ಆರ್ ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 2005ರಿಂದ ಇಎಸ್‌ಐನಲ್ಲೇ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆ ಅಂತ ಇನ್ನೊಂದಿದೆ. ಕಾರ್ಖಾನೆ ಮುಚ್ಚಿದರೆ ಅಥವಾ ಕಾನೂನು ಪ್ರಕಾರ ರಿಟ್ರೆಂಚ್ ಮಾಡಿದರೆ 24 ತಿಂಗಳವರೆಗೆ ಭತ್ಯೆ. ಮೊದಲ ವರ್ಷ 50%, ಎರಡನೇ ವರ್ಷ 25%. ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ, ಗೊತ್ತಿದ್ದವರಿಗೂ ಸಿಗೋದು ಕಷ್ಟ, ಯಾಕಂದ್ರೆ ಕಂಪನಿ ಅದನ್ನು ರಿಟ್ರೆಂಚ್‌ಮೆಂಟ್ ಎಂದು ಕಾಗದದಲ್ಲಿ ಒಪ್ಪಬೇಕು. ಎಲ್ಲ ಸೇರಿ ಅದೇ ಬಾಗಿಲಿಗೇ ಬಂದು ನಿಲ್ಲುತ್ತೆ ನೋಡಿ.

ಎಣಿಕೆ_ಮೇಷ್ಟ್ರು · ಮಂಗಳವಾರ ರಾತ್ರಿ

"ಅರ್ಧ ಸಂಬಳ" ಎಂದು ಎಲ್ಲರೂ ಹೇಳುತ್ತಾರಲ್ಲ, ಅದು ಕೊನೇ ಸಂಬಳದ ಅರ್ಧ ಅಲ್ಲ. ಕೆಲಸ ಹೋಗುವ ಮುಂಚಿನ ನಾಲ್ಕು ಕಾಂಟ್ರಿಬ್ಯೂಷನ್ ಪೀರಿಯಡ್‌ನ ಗಳಿಕೆಯೆಲ್ಲ ಕೂಡಿ 730ರಿಂದ ಭಾಗಿಸಬೇಕು. ಒಂದು ಪೀರಿಯಡ್ ಅಂದರೆ ಆರು ತಿಂಗಳು, ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ತಿಂಗಳಿಗೆ 18,000 ರೂಪಾಯಿ ಎಂದಿಟ್ಟುಕೊಳ್ಳಿ. 24 ತಿಂಗಳಿಗೆ 4,32,000. ಭಾಗಿಸು 730, ದಿನಕ್ಕೆ 591.78. ಅರ್ಧ 295.89. 90 ದಿನಕ್ಕೆ ಸುಮಾರು 26,630.

ಮಧ್ಯೆ ಸಂಬಳ ಇಲ್ಲದ ರಜೆ ಹಾಕಿದ್ದರೆ ಮೇಲಿನ ಮೊತ್ತ ಇಳಿಯುತ್ತೆ, ಕೆಳಗಿನ 730 ಮಾತ್ರ ಅಲ್ಲಾಡಲ್ಲ.

ಅರ್ಹತೆಗೆ ಕನಿಷ್ಠ 2 ವರ್ಷ ಇಎಸ್‌ಐ ಇರುವ ಕೆಲಸ ಮಾಡಿರಬೇಕು. ಕೆಲಸ ಹೋಗುವ ಮುಂಚಿನ ಪೀರಿಯಡ್‌ನಲ್ಲಿ 78 ದಿನ, ಉಳಿದ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ಕಾಂಟ್ರಿಬ್ಯೂಷನ್ ಕಟ್ಟಿರಬೇಕು. ಪೋರ್ಟಲ್‌ನಲ್ಲಿ ನಿಮ್ಮ ಐಪಿ ನಂಬರ್ ಹಾಕಿ ಲಾಗಿನ್ ಆದರೆ ತಿಂಗಳುವಾರು ಕಾಣುತ್ತೆ. ಸಂಬಳದಿಂದ ಹಿಡಿದ 0.75% ನಿಜವಾಗಲೂ ಕಟ್ಟಿದ್ದಾರಾ ಅನ್ನೋದೂ ಅಲ್ಲೇ ಗೊತ್ತಾಗುತ್ತೆ.

ಖಾಲಿ_ಟಿಫಿನ್‌ಬಾಕ್ಸ್ · ಬುಧವಾರ

ಅಯ್ಯೋ ಮೇಷ್ಟ್ರೇ, ನನ್ನ ಸಂಬಳ ಕರೆಕ್ಟಾಗಿ 18,000. ಎರಡು ವರ್ಷದಿಂದ ಇನ್‌ಕ್ರಿಮೆಂಟೇ ಇಲ್ಲ. ಆದರೆ ಅಪ್ಪನಿಗೆ ಹುಷಾರಿಲ್ಲ ಅಂತ ಹೋದ ವರ್ಷ ಮೂರು ತಿಂಗಳು ಸಂಬಳ ಇಲ್ಲದೆ ರಜೆ ಹಾಕಿದ್ದೆ. ದಿನಗಳ ಲೆಕ್ಕ ನೋಡಿದೆ, ಎರಡೂ ಕಡೆ 78 ದಾಟಿದೆ.

ಎಣಿಕೆ_ಮೇಷ್ಟ್ರು · ಬುಧವಾರ

ಹಾಗಾದರೆ 21 ತಿಂಗಳು. 3,78,000 ಭಾಗಿಸು 730. ಅರ್ಧ ಮಾಡಿದರೆ ದಿನಕ್ಕೆ 258.90. ಮೊದಲ 30 ದಿನಕ್ಕೆ 7,767 ಬರಬೇಕು. ಅದಕ್ಕಿಂತ ತೀರಾ ಕಡಿಮೆ ಬಂದರೆ ಕೇಳಿ.

ಫಾಸ್ಟ್_ಕ್ಲೇಮ್_ಸೇವೆ · ಬುಧವಾರ

ಮೇಡಂ ನಿಮ್ಮ ಯುಎಎನ್ (ಪಿಎಫ್ ನಂಬರ್), ಆಧಾರ್ ಫೋಟೋ, ಓಟಿಪಿ ಕಳಿಸಿ. 3 ದಿನದಲ್ಲಿ ಪಿಎಫ್ ಇಎಸ್‌ಐ ಎರಡೂ ಮಾಡಿಸಿ ಕೊಡುತ್ತೇವೆ. ಬಂದ ಮೇಲೆ 10% ಮಾತ್ರ.

ಮೂರನೇ_ಶಿಫ್ಟ್ · ಬುಧವಾರ

ಬಂದ್ರಪ್ಪ. ಓಟಿಪಿ ಅಂತೆ. ಯಾರೂ ಕೊಡಬೇಡಿ. ಇಎಸ್‌ಐಗೂ ಪಿಎಫ್‌ಗೂ ಅರ್ಜಿಗೆ ಫೀಸ್ ಅನ್ನೋದೇ ಇಲ್ಲ. ನನ್ನ ಭಾಮೈದ ಹೀಗೆ ಒಬ್ಬನಿಗೆ ಯುಎಎನ್ ಪಾಸ್‌ವರ್ಡ್ ಕೊಟ್ಟ. ಆ ಪುಣ್ಯಾತ್ಮ ಫೋನ್ ನಂಬರನ್ನೇ ತನ್ನದಕ್ಕೆ ಬದಲಾಯಿಸಿಕೊಂಡು ಕೂತ. ಅದನ್ನು ಸರಿ ಮಾಡಿಸೋಕೆ ಕ್ಲೇಮ್‌ಗಿಂತ ಜಾಸ್ತಿ ದಿನ ಹಿಡಿಯಿತು.

ಡಿಗ್ರಿ_ಮುಗೀತು · ಗುರುವಾರ

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಾನು ಇನ್ನೂ ಕೆಲಸಕ್ಕೇ ಸೇರಿಲ್ಲ. ನನಗೂ ಈ ಅಟಲ್ ಯೋಜನೆ ಬರುತ್ತಾ?

ಕಾಗದ_ಪತ್ರ · ಗುರುವಾರ

ಇಲ್ಲ ತಮ್ಮ. ಅದು ಇಎಸ್‌ಐ ಕಟ್ಟಿದವರಿಗೆ. ನಿನಗೆ ಸಂಬಂಧ ಇರೋದು ರಾಜ್ಯ ಸರ್ಕಾರದ ಯುವನಿಧಿ. ಪದವಿ ಮುಗಿಸಿದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಗರಿಷ್ಠ ಎರಡು ವರ್ಷ. ಪಾಸಾಗಿ 180 ದಿನ ಕೆಲಸ ಸಿಕ್ಕಿರಬಾರದು, ಮುಂದಕ್ಕೆ ಓದುತ್ತಿರಬಾರದು. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ. ನಿನ್ನ ಸರ್ಟಿಫಿಕೇಟ್ ವಿಶ್ವವಿದ್ಯಾಲಯದವರು ನ್ಯಾಡ್‌ಗೆ (ಸರ್ಟಿಫಿಕೇಟ್‌ಗಳ ಆನ್‌ಲೈನ್ ಭಂಡಾರ) ಅಪ್‌ಲೋಡ್ ಮಾಡಿದ್ದಾರಾ ಅಂತ ಮೊದಲು ನೋಡು, ಹೆಚ್ಚಿನ ಅರ್ಜಿ ಅಲ್ಲೇ ಮುಗ್ಗರಿಸೋದು. ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಆಗಿರಬೇಕು. ಮಂಜೂರಾದ ಮೇಲೆ "ನನಗೆ ಇನ್ನೂ ಕೆಲಸ ಸಿಕ್ಕಿಲ್ಲ" ಎಂದು ಗಡುವಿನೊಳಗೆ ಸ್ವಯಂ ಘೋಷಣೆ ಕೊಡುತ್ತಿರಬೇಕು. ಅದು ತಪ್ಪಿದರೆ ದುಡ್ಡು ನಿಲ್ಲುತ್ತೆ, ಆಮೇಲೆ ಸರ್ಕಾರ ಕೊಡಲಿಲ್ಲ ಎಂದು ಬೈಕೊಂಡು ಓಡಾಡಬೇಡ.

ಪಿಎಫ್_ಪಾಸ್‌ಬುಕ್ · ಗುರುವಾರ ರಾತ್ರಿ

ಪಿಎಫ್ ಕೇಳಿದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳ್ತೀನಿ. ಅಕ್ಕ, ಮೊದಲು ಪಿಎಫ್ ಪೋರ್ಟಲ್‌ನಲ್ಲಿ ಸರ್ವಿಸ್ ಹಿಸ್ಟರಿ ತೆಗೆದು ನೋಡಿ. ಅಲ್ಲಿ ಎರಡು ಎಕ್ಸಿಟ್ ಡೇಟ್ (ಕೆಲಸ ಬಿಟ್ಟ ದಿನ) ಇರುತ್ತೆ, ಒಂದು ಪಿಎಫ್‌ಗೆ, ಒಂದು ಪೆನ್ಷನ್‌ಗೆ. ಒಂದು ತುಂಬಿ ಇನ್ನೊಂದು ಖಾಲಿ ಇದ್ದರೂ ಕ್ಲೇಮ್ ಮುಂದೆ ಹೋಗಲ್ಲ. ಎರಡೂ ಖಾಲಿ ಇದ್ದರೆ, ಕೊನೇ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ನೀವೇ ಹಾಕಬಹುದು. ಮ್ಯಾನೇಜ್ ಮೆನುವಿನಲ್ಲಿ ಮಾರ್ಕ್ ಎಕ್ಸಿಟ್. ಆಧಾರ್ ಓಟಿಪಿ ಬರುತ್ತೆ. 2020ರಿಂದ ಈ ಅನುಕೂಲ ಇದೆ. ಆದರೆ ಒಂದು ಸಲ ಒತ್ತಿದರೆ ಸುಲಭವಾಗಿ ತಿದ್ದೋಕಾಗಲ್ಲ. ಇಎಸ್‌ಐನಲ್ಲಿ ಯಾವ ತಾರೀಖು ಇದೆಯೋ, ನಿಮ್ಮ ಪತ್ರದಲ್ಲಿ ಯಾವುದಿದೆಯೋ, ಅದನ್ನೇ ಹಾಕಿ. ಮೂರು ಕಡೆ ಮೂರು ತಾರೀಖು ಇದ್ದರೆ ಮುಂದೆ ಪ್ರತಿ ಕಿಟಕಿಯಲ್ಲೂ ಅದೇ ಪ್ರಶ್ನೆ ಕೇಳುತ್ತಾರೆ.

ಎಷ್ಟು ಸಿಗುತ್ತೆ ಅನ್ನೋದಕ್ಕೆ: ಕೆಲಸ ಹೋಗಿ ಒಂದು ತಿಂಗಳಾದರೆ 75% ತೆಗೆಯಬಹುದು ಎಂದು 2018ರ ಡಿಸೆಂಬರ್‌ನಲ್ಲಿ ಬಂತು. ಪೂರ್ತಿ ತೆಗೆಯೋಕೆ ಎರಡು ತಿಂಗಳು ಎಂದಿತ್ತು. 2025ರ ಅಕ್ಟೋಬರ್‌ನಲ್ಲಿ ಪಿಎಫ್‌ನ ಟ್ರಸ್ಟಿಗಳ ಮಂಡಳಿ ಆ ಎರಡು ತಿಂಗಳನ್ನು 12 ತಿಂಗಳಿಗೆ, ಪೆನ್ಷನ್ ಹಣಕ್ಕೆ 36 ತಿಂಗಳಿಗೆ ಏರಿಸಲು ತೀರ್ಮಾನಿಸಿತು. 25% ಖಾತೆಯಲ್ಲೇ ಉಳಿಯಬೇಕು ಅನ್ನೋದೂ ಅದರಲ್ಲಿತ್ತು. ಹಾಗಾಗಿ ಹಳೇ ವಿಡಿಯೋ ನೋಡಿಕೊಂಡು ಕೂರಬೇಡಿ. ಅರ್ಜಿ ಹಾಕುವ ದಿನ ಪೋರ್ಟಲ್ ಏನು ತೋರಿಸುತ್ತೋ ಅದೇ ಲೆಕ್ಕ.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, ಪೆನ್ಷನ್ ಹಣಕ್ಕೆ ಕೈ ಹಾಕಬೇಡಿ. 10ಸಿ ಫಾರಂ (ಪೆನ್ಷನ್ ಹಣ ತೆಗೆಯುವ ಅರ್ಜಿ) ಹಾಕಿ ತೆಗೆದರೆ ಅಲ್ಲಿಯವರೆಗಿನ ಸರ್ವಿಸ್ ಸೊನ್ನೆ ಆಗುತ್ತೆ. 10 ವರ್ಷ ತುಂಬಿದರೆ ಪೆನ್ಷನ್ ಹಕ್ಕು. ಇದಕ್ಕೂ ಮುಂಚೆ ಎಲ್ಲಾದರೂ ಕೆಲಸ ಮಾಡಿದ್ರಾ?

ಖಾಲಿ_ಟಿಫಿನ್‌ಬಾಕ್ಸ್ · ಶುಕ್ರವಾರ

ಮಾಡಿದ್ದೆ, ಇನ್ನೊಂದು ಕಡೆ ಮೂರೂವರೆ ವರ್ಷ. ಆ ಪಿಎಫ್ ಹಾಗೇ ಬಿಟ್ಟಿದ್ದೀನಿ. ಅದು ಹೋಯ್ತು ಅಂತಲೇ ತಿಳ್ಕೊಂಡಿದ್ದೆ.

ಪಿಎಫ್_ಪಾಸ್‌ಬುಕ್ · ಶುಕ್ರವಾರ

ಎಲ್ಲೂ ಹೋಗಿಲ್ಲ. ಅದನ್ನು ಈಗಿನ ಖಾತೆಗೆ ಟ್ರಾನ್ಸ್‌ಫರ್ ಹಾಕಿ. ಏಳೂವರೆ ವರ್ಷ ಆಗುತ್ತೆ. ಎರಡು ಲಾಭ. 10 ವರ್ಷಕ್ಕೆ ಎರಡೂವರೆ ಬಾಕಿ ಅಷ್ಟೇ. ಇನ್ನೊಂದು, 5 ವರ್ಷದ ಒಳಗಿನ ಸರ್ವಿಸ್‌ಗೆ 50,000ಕ್ಕಿಂತ ಮೇಲೆ ತೆಗೆದರೆ ಟಿಡಿಎಸ್ (ಮೂಲದಲ್ಲೇ ತೆರಿಗೆ) ಹಿಡಿಯುತ್ತಾರೆ, ಪ್ಯಾನ್ ಇದ್ದರೆ 10%. ಎರಡೂ ಸೇರಿ 5 ದಾಟಿದರೆ ಆ ತಲೆನೋವೇ ಇಲ್ಲ. ಹಳೇ ಕಡೆ ಹೆಸರಿನ ಸ್ಪೆಲ್ಲಿಂಗ್, ಹುಟ್ಟಿದ ದಿನಾಂಕ ಆಧಾರ್ ತರಹ ಇದೆಯಾ ನೋಡಿ. ಇಲ್ಲದಿದ್ದರೆ ಜಾಯಿಂಟ್ ಡಿಕ್ಲರೇಷನ್ (ವಿವರ ತಿದ್ದುವ ಅರ್ಜಿ) ಹಾಕಿ ಸರಿ ಮಾಡಿಸಿಯೇ ಟ್ರಾನ್ಸ್‌ಫರ್.

ಎಲ್ಲಾದರೂ ನಿಂತರೆ ಪಿಎಫ್‌ನವರ ಆನ್‌ಲೈನ್ ದೂರು ಪೋರ್ಟಲ್ ಇಪಿಎಫ್ ಐಜಿಎಂಎಸ್‌ನಲ್ಲಿ ದೂರು ಹಾಕಿ, ನಂಬರ್ ಬರೆದಿಟ್ಟುಕೊಳ್ಳಿ. ಪ್ರತಿ ತಿಂಗಳು 27ಕ್ಕೆ ಜಿಲ್ಲೆಗಳಲ್ಲಿ ನಿಧಿ ಆಪ್ಕೆ ನಿಕಟ್ ಅಂತ ಪಿಎಫ್‌ನವರೇ ಬಂದು ಕೂರುತ್ತಾರೆ. ಎದುರು ಕೂತು ಮಾತಾಡಿದರೆ ಅರ್ಧ ಗೋಜಲು ಅಲ್ಲೇ ಬಿಚ್ಚಿಕೊಳ್ಳುತ್ತೆ.

ಮೂರನೇ_ಶಿಫ್ಟ್ · ಶುಕ್ರವಾರ

ಇನ್ನೊಂದು, ಎಲ್ಲರೂ ಮರೆಯೋದು. ಕೆಲಸ ಹೋಯಿತು ಎಂದು ಇಎಸ್‌ಐ ಕಾರ್ಡ್ ಬಿಸಾಕಬೇಡಿ. ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಕಟ್ಟಿದ್ದರ ಫಲ ಮುಂದಿನ ಜನವರಿಯಿಂದ ಜೂನ್‌ಗೆ ಸಿಗೋದು. ಅಟಲ್ ಭತ್ಯೆ ತಗೊಳ್ಳುವಷ್ಟು ದಿನವೂ ಚಿಕಿತ್ಸೆ ಇದೆ. ನಿಮ್ಮ ತಂದೆ ಕಾರ್ಡ್‌ನಲ್ಲಿ ಇದ್ದರೆ ಔಷಧಿ ತರೋಕೆ ಈಗಲೇ ಹೋಗಿ ಕೇಳಿ.

ಖಾಲಿ_ಟಿಫಿನ್‌ಬಾಕ್ಸ್ · 16 ದಿನದ ನಂತರ

ಇಲ್ಲಿಯವರೆಗೆ ಆಗಿದ್ದು ಹೇಳುತ್ತೇನೆ. ಕಂಪನಿಗೆ ಸ್ಪೀಡ್ ಪೋಸ್ಟ್ ಹಾಕಿದೆವು. ನಾನೊಬ್ಬಳೇ ಅಲ್ಲ, 6 ಜನ, ಒಂದೇ ದಿನ, ಬೇರೆ ಬೇರೆ ಕವರ್. ಪೋಸ್ಟ್ ಆಫೀಸಿನಲ್ಲಿ ಇದ್ದವರು "ಏನ್ರಮ್ಮ ಎಲ್ಲಾ ಒಂದೇ ಅಡ್ರೆಸ್ಸಾ?" ಎಂದು ನಕ್ಕರು. ಹತ್ತು ದಿನ ಏನೂ ಇಲ್ಲ. ಹನ್ನೊಂದನೇ ದಿನ ಎಚ್‌ಆರ್‌ನಿಂದ ಫೋನು. "ಲೇಬರ್ ಆಫೀಸಿಗೆ ಯಾಕೆ ಕಳಿಸಿದ್ರಿ, ನಮ್ಮನ್ನೇ ಕೇಳಬಹುದಿತ್ತಲ್ಲ" ಅಂದರು. ಕೇಳಿದ್ದು ಎಷ್ಟು ಸಲ ಎಂದು ನನಗೇ ಗೊತ್ತು. ಏನೂ ಹೇಳಲಿಲ್ಲ. "ಪತ್ರ ಯಾವಾಗ ಕೊಡ್ತೀರ ಸರ್" ಅಂದೆ, ಅಷ್ಟೇ.

ಬ್ರಾಂಚ್ ಆಫೀಸಿನಲ್ಲಿ ಈ ಸಲ ಕಿಟಕಿ ಹತ್ತಿರ ನಿಲ್ಲದೆ ನೇರ ಮ್ಯಾನೇಜರ್ ರೂಮಿಗೆ ಹೋದೆ. ಅವರು ಕಂಪ್ಯೂಟರ್‌ನಲ್ಲಿ ಏನೋ ಹುಡುಕಿದರು. ಸ್ಕ್ರೀನ್ ನನ್ನ ಕಡೆ ತಿರುಗಿಸಿ ಬೆರಳಿಟ್ಟು ಎಣಿಸಿದರು. 14 ಹೆಸರು, ಎಲ್ಲದರ ಮುಂದೆ 2, ಎಲ್ಲದಕ್ಕೂ ಒಂದೇ ತಾರೀಖು. ನನ್ನ ಹೆಸರು ಒಂಬತ್ತನೆಯದು. "ಕಂಪನಿ ಪತ್ರ ತನ್ನಿ, ಹೊಸದಾಗಿ ಕ್ಲೇಮ್ ಹಾಕಿ" ಎಂದರು. ಸೀಲ್ ಹಾಕಿಸಿಕೊಂಡೆ, ಹಳೇ ಎಚ್‌ಆರ್ ಸರ್.

ಹಳೇ_ಎಚ್‌ಆರ್ · ಅದೇ ದಿನ

ಪತ್ರ ಕೈಗೆ ಬಂದಾಗ ಸೈನ್ ಹಾಕುವ ಮುಂಚೆ ಪೂರ್ತಿ ಓದಿ. "ಎಲ್ಲ ಬಾಕಿ ಪಡೆದಿದ್ದೇನೆ, ಮುಂದೆ ಏನೂ ಕೇಳುವುದಿಲ್ಲ" ಎಂಬ ಸಾಲು ಮಧ್ಯದಲ್ಲಿ ಸೇರಿಸುತ್ತಾರೆ. ನೋಟಿಸ್ ಪೇ, ಪರಿಹಾರ ಇನ್ನೂ ಬಾಕಿ ಇದೆ ಅಲ್ವಾ.

ಖಾಲಿ_ಟಿಫಿನ್‌ಬಾಕ್ಸ್ · 4 ದಿನದ ನಂತರ

ಇತ್ತು ಸರ್ ಆ ಸಾಲು! ಕೊನೆಯಿಂದ ಮೂರನೇದು. ಅದನ್ನು ತೆಗೆದು ಕೊಡಿ ಎಂದೆ. ಅರ್ಧ ಗಂಟೆ ಕಾಯಿಸಿ ಬೇರೆ ಪ್ರಿಂಟ್ ಕೊಟ್ಟರು. ಕ್ಲೇಮ್ ಮತ್ತೆ ಹಾಕಿ, ಪ್ರಿಂಟ್, ಆಧಾರ್, ಪಾಸ್‌ಬುಕ್ ನಕಲು ಎಲ್ಲ ಬ್ರಾಂಚ್‌ಗೆ ಕೊಟ್ಟಾಯಿತು.

ಬೇಸತ್ತವ · ಅದೇ ದಿನ

ಅಕ್ಕ, ಆ ಕಂಪನಿಗೆ ಬರೆದ ಕಾಗದದ ಒಂದು ಫೋಟೋ ಇಲ್ಲಿ ಹಾಕ್ತೀರಾ? ಹೆಸರು ಅಳಿಸಿ ಹಾಕಿ ಪರವಾಗಿಲ್ಲ. ನಂದೂ 2 ಅಂತಲೇ ಇದೆ.

ಖಾಲಿ_ಟಿಫಿನ್‌ಬಾಕ್ಸ್ · ಮರುದಿನ

ಹಾಕಿದ್ದೀನಿ ಅಣ್ಣ, ಮೇಲೆ ಮೊದಲ ಪೋಸ್ಟ್‌ನಲ್ಲಿ ಸೇರಿಸಿದ್ದೀನಿ. ತಾರೀಖು, ಐಪಿ ನಂಬರ್ ಜಾಗ ಖಾಲಿ ಬಿಟ್ಟಿದ್ದೀನಿ, ತುಂಬಿಕೊಳ್ಳಿ.

ಖಾಲಿ_ಟಿಫಿನ್‌ಬಾಕ್ಸ್ · 13 ದಿನದ ನಂತರ

ಬೆಳಿಗ್ಗೆ ಮೆಸೇಜ್ ಬಂತು. 7,767. ಮೇಷ್ಟ್ರೇ, ನಿಮ್ಮ ಲೆಕ್ಕ ರೂಪಾಯಿಗೆ ರೂಪಾಯಿ ಸರಿ. ಉಳಿದ 60 ದಿನದ್ದು ಹಾಕಬೇಕು. ಹಳೇ ಪಿಎಫ್‌ನಲ್ಲಿ ಅಪ್ಪನ ಹೆಸರಿನ ಸ್ಪೆಲ್ಲಿಂಗ್ ಬೇರೆ ಇದೆ, ಅದಕ್ಕೆ 27ಕ್ಕೆ ಹೋಗ್ತಿದ್ದೀನಿ. ಲೇಬರ್ ಆಫೀಸಿನಿಂದ ನೋಟಿಸ್ ಪೇ ವಿಷಯಕ್ಕೆ ಕರೆ ಬಂದಿದೆ, ನಮ್ಮ 6 ಜನಕ್ಕೂ. ಏನೇನು ಕಾಗದ ತಗೊಂಡು ಹೋಗಬೇಕು, ಹಳೇ ಎಚ್‌ಆರ್ ಸರ್?

ಹಳೇ_ಎಚ್‌ಆರ್ · ಅದೇ ದಿನ ರಾತ್ರಿ

ಅಪಾಯಿಂಟ್‌ಮೆಂಟ್ ಲೆಟರ್, ಕೊನೇ ಮೂರು ತಿಂಗಳ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆ ಮೆಸೇಜ್ ಪ್ರಿಂಟ್, ಕಂಪನಿ ಈಗ ಕೊಟ್ಟ ಪತ್ರ, ಪೋಸ್ಟ್ ತಲುಪಿದ ಪುರಾವೆ. ಎಲ್ಲದರ ಎರಡೆರಡು ಜೆರಾಕ್ಸ್. ಒರಿಜಿನಲ್ ತೋರಿಸಿ, ಕೊಟ್ಟು ಬರಬೇಡಿ. 6 ಜನವೂ ಒಟ್ಟಿಗೇ ಹೋಗಿ.